ಒಂದೇ ಸಾಲು ಬರಬೇಕು

ರೆಡ್‌ವುಡ್ ಸಿಟಿಯ ಆಫೀಸಿನ ಕಿಟಕಿಯಾಚೆ ಇನ್ನೂ ಮಂಜು. ಸುಗುಣಾ ಸ್ವೆಟರಿನ ತೋಳು ಮಡಚಿಕೊಂಡು ಟರ್ಮಿನಲ್ ಮುಂದೆ ಕೂತಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಫ್ರೀಮಾಂಟಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ನುಗಳು ಶುರು. ಅಲ್ಲಿನ ರಕ್ತದ ಚೀಲಗಳಿಗೆ ಗುಂಪಿನ ಚೀಟಿ ಮುದ್ರಿಸುವ ಪ್ರೋಗ್ರಾಮು ನಿನ್ನೆ ಸಂಜೆಯಿಂದ ಸತ್ತು ಬಿದ್ದಿದೆ.

ಸಾಯಿಸಿದವರು ಪಕ್ಕದಲ್ಲೇ ನಿಂತಿದ್ದಾರೆ, ಮೈಸೂರಿನ ಶೇಷಾದ್ರಿ. ಒಂದು ಪದ ತಿದ್ದಲು ಹೋಗಿ, ಯಂತ್ರಕ್ಕಷ್ಟೇ ಅರ್ಥವಾಗುವ ಕಡತವನ್ನು ಮಾಮೂಲಿ ಬರಹದ ಎಡಿಟರಿನಲ್ಲಿ ತೆರೆದು ಉಳಿಸಿಬಿಟ್ಟರು. ಸೊನ್ನೆಯ ಬೈಟುಗಳನ್ನೆಲ್ಲ ಎಡಿಟರು ಕಸವೆಂದು ಗುಡಿಸಿ ಹಾಕಿತು.

"ಪಂಕ್ತಿಯಲ್ಲಿ ನಾಲ್ಕು ಜನ ಎದ್ದು, ಉಳಿದವರು ಸರಿದು ಕೂತ ಹಾಗೆ ಮಾರಾಯ್ರೆ. ಸಕ್ಕರೆ ಕಾಯಿಲೆಯವರ ಎಲೆಗೇ ಪಾಯಸ ಬೀಳ್ತದೆ" ಎನ್ನುತ್ತಾರೆ ಸುಗುಣಾ.

"ಬೈದುಬಿಡಿ ಸುಗುಣಕ್ಕ, ಒಂದೇ ಸಲ."

"ಬೈಲಿಕ್ಕೆ ಪುರುಸೊತ್ತಿಲ್ಲ. ಟೇಪು ಹಾಕಿ."

ಆಪತ್ತಿಗೆಂದು ಕಾದಿಟ್ಟ ಟೇಪಿನಲ್ಲಿರುವುದು ಪ್ರೋಗ್ರಾಮಿನ ಹಳೆಯ ಪ್ರತಿ. ಅದು ಓಡುತ್ತದೆ, ಆದರೆ ಕೆಲವು ನೆಗೆಟಿವ್ ರಕ್ತಕ್ಕೆ ಪಾಸಿಟಿವ್ ಚೀಟಿ ಕೊಡುತ್ತದೆ. ಸುಗುಣಾ ಹಿಂದೊಮ್ಮೆ ಒಂದೇ ಬೈಟು ಬದಲಿಸಿ ಅದನ್ನು ಸರಿಪಡಿಸಿದ್ದರು. ಪ್ರೋಗ್ರಾಮು ಬರೆದ ಕಂಪನಿ ಮುಚ್ಚಿಹೋಗಿದೆ, ಮೂಲ ಬರಹ ಯಾರ ಬಳಿಯೂ ಇಲ್ಲ. ಆ ಬೈಟನ್ನು ಮತ್ತೆ ಕೈಯಾರೆ ಕೂರಿಸಬೇಕು.

ಉಡುಪಿಯಲ್ಲಿ ಟೈಪಿಸ್ಟ್ ಆಗಿದ್ದ ಸುಗುಣಾ ಇಲ್ಲಿ ಟೇಪು ಬದಲಿಸುವ ಕೆಲಸಕ್ಕೆ ಸೇರಿ, ಇಂಥ ಕಡತಗಳ ಬೈಟುಗಳನ್ನು ನೇರವಾಗಿ ತಿದ್ದುವ, ಯುನಿಕ್ಸ್‌ನ 'ಎಡಿಬಿ' ಎಂಬ ಉಪಕರಣವನ್ನು ಪಳಗಿಸಿಕೊಂಡವರು. ಪದ್ಧತಿ ಎಂದೂ ತಪ್ಪದು: ನಕಲು ಮಾಡಿಕೊಳ್ಳುವುದು, ನಕಲನ್ನು ತಿದ್ದುವುದು, ಎರಡನ್ನೂ ಹೋಲಿಸುವುದು. ಬದಲಾದ ಬೈಟಿಗೊಂದರಂತೆ ಪರದೆಯಲ್ಲಿ ಸಾಲು ಬರುತ್ತದೆ; ಒಂದೇ ಬೈಟು ಬದಲಾಗಿದ್ದರೆ ಒಂದೇ ಸಾಲು.

ಫೋನು ಬಡಿದುಕೊಳ್ಳುತ್ತದೆ. ಆಸ್ಪತ್ರೆಯವರು. ಸುಗುಣಾ ತಿದ್ದಿ, ಹೋಲಿಸುತ್ತಾರೆ. ಎರಡು ಸಾಲು.

"ಓಡ್ತಾ ಇದೆಯಲ್ಲ ಅಕ್ಕ, ಕಳಿಸಿಬಿಡೋಣ" ಎನ್ನುತ್ತಾರೆ ಶೇಷಾದ್ರಿ, ರಿಸೀವರಿಗೆ ಅಂಗೈ ಮುಚ್ಚಿ.

"ನಿನ್ನೆ ನೀವು ಉಳಿಸುವಾಗ ಎಡಿಟರು ಏನಾದ್ರೂ ತಕರಾರು ಮಾಡಿತಾ? ಕಾಯ್ಲಿಕ್ಕೆ ಹೇಳಿ."

ಈ ತಪ್ಪು ಸುಗುಣಾ ಅವರದೇ. ಎಡಿಬಿ ಎರಡೆರಡು ಬೈಟು ಬರೆಯುತ್ತದೆ, ಪಕ್ಕದ್ದನ್ನೂ ಜೊತೆಗೇ ಕೊಡಬೇಕು. ಅವಸರದಲ್ಲಿ ಅದು ಸೊನ್ನೆಯಾಗಿದೆ. ಆ ನಕಲನ್ನು ಅಳಿಸಿ ಹೊಸದು ಮಾಡುತ್ತಾರೆ. ಈ ಸಲ ಅಂಕಿಗಳನ್ನು ಶೇಷಾದ್ರಿಯಿಂದ ಗಟ್ಟಿಯಾಗಿ ಓದಿಸುತ್ತಾರೆ. ಮತ್ತೆ ಹೋಲಿಕೆ. ಒಂದು ಸಾಲು. ಇಬ್ಬರೂ ಪರದೆ ನೋಡುತ್ತಾ ಕಾಯುತ್ತಾರೆ. ಇನ್ನೊಂದು ಬರುವುದಿಲ್ಲ.

ಮೋಡೆಮ್ಮಿನ ಮೂಲಕ ಕಡತ ಹೊರಡುತ್ತದೆ. ಎಂಟಕ್ಕೆ ಸ್ವಲ್ಪ ಮುಂಚೆ ಮತ್ತೆ ಫೋನು: ಪರೀಕ್ಷೆಗಿಟ್ಟ ನೆಗೆಟಿವ್ ರಕ್ತಕ್ಕೆ ನೆಗೆಟಿವ್ ಎಂದೇ ಚೀಟಿ ಬಂದಿದೆ.

ಶೇಷಾದ್ರಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡುತ್ತಾರೆ. ಇನ್ನೇನಾದರೂ ಬೇಕೇ ಎಂದು ಕೇಳಿದರೆ ಸುಗುಣಾ ಲೋಟವನ್ನು ಆಚೆ ಸರಿಸುತ್ತಾರೆ.

"ಹೋದ ಸಲ ತಿದ್ದಿದ್ದು ಟೇಪಿಗೆ ಹೋಗಿರ್ಲಿಲ್ಲ. ಇವತ್ತಿನದು ಹೋದ್ರೆ ಸಾಕು. ಟೇಪು ಹಾಕಿ ಶೇಷಾದ್ರಿ, ಕಾಫಿ ಆಮೇಲೆ."