ಅಮ್ಮನ ದೇಶ, ಪಪ್ಪನ ಟೀಮು

“ತಮ್ಮ ಮಾತ್ರ ಇಂಡಿಯಾದವನಾ? ಹಾಗಾದ್ರೆ ನಾನು ಅಮ್ಮನ ಮಗಳಲ್ವಾ?” ಬಹರೈನಿನ ನಮ್ಮ ರಾಯಭಾರ ಕಚೇರಿಯಲ್ಲಿ ಪುಟ್ಟ ಶಾನು ಸೊಂಟಕ್ಕೆ ಕೈಯಿಟ್ಟು ಕೇಳಿದಾಗ ಇಡೀ ಸಾಲು ತಿರುಗಿ ನೋಡಿತು.

ಹೂರಾ ಬಡಾವಣೆಯಲ್ಲಿ ನಮ್ಮ ಪಕ್ಕದ ಫ್ಲಾಟಿನ ನರ್ಸ್, ಶಾನುವಿನ ಅಮ್ಮ ಲಿಲ್ಲಿ ಉಡುಪಿಯವರು, ಗಂಡ ಶ್ರೀಲಂಕಾದವರು. ತೊಂಬತ್ತೆರಡರ ಕೊನೆಗೆ ಕಾನೂನು ಬದಲಾಗಿ, ವಿದೇಶದಲ್ಲಿ ಹುಟ್ಟುವ ಮಗುವಿಗೆ ತಾಯಿಯಿಂದಲೂ ಭಾರತದ ಪೌರತ್ವ ಸಿಗುವಂತಾಗಿತ್ತು. ಆಮೇಲೆ ಹುಟ್ಟಿದ ತಮ್ಮ ಭಾರತೀಯ. ಮೊದಲೇ ಹುಟ್ಟಿದ ಶಾನು ಅಪ್ಪನಂತೆ ಲಂಕೆಯವಳು. ತಮ್ಮನ ಹೆಸರು ನೋಂದಾಯಿಸಲು ಹೊರಟ ಅವರ ಜೊತೆ ನಾನೂ ಹೋಗಿದ್ದೆ.

ಅವಳಿಗೂ ಬೇರೆ ಅರ್ಜಿ ಹಾಕಬಹುದೆಂದು ಅಧಿಕಾರಿ ನಗುತ್ತ ಹೇಳಿದರು. ಶಾನು ಕುಣಿದಾಡಿದಳು. ಅಪ್ಪ ಮಾತ್ರ ಹೆಂಡತಿಯಿಂದ ಕಲಿತ ಕನ್ನಡದಲ್ಲಿ, “ಮನೆಯಲ್ಲಿ ಲಂಕೆಗೆ ನಾನೊಬ್ಬನೇಯಾ?” ಎಂದು ಮುಖ ಸಣ್ಣದು ಮಾಡಿದರು. ಅವಳು ಹೋಗಿ ಅವರ ಬೆರಳು ಹಿಡಿದಳು. “ಬೇಡಮ್ಮಾ, ನಾನು ಪಪ್ಪನ ಟೀಮಲ್ಲೇ ಇರ್ತೇನೆ.”

ಅಂದಿನಿಂದ ಯಾವುದಾದರೂ ಅರ್ಜಿಯಲ್ಲಿ ‘ರಾಷ್ಟ್ರೀಯತೆ’ ಬರೆಯುವಾಗ ಪಪ್ಪನ ಟೀಮು ನೆನಪಾಗಿ ನನಗೆ ನಗು ಬರುತ್ತದೆ.