ಕೋಡಿಯ ತಾಂಡೇಲ ಎಣಿಸಿದ ನಕ್ಷತ್ರ

ಕಳೆದ ಭಾನುವಾರ ಮಧ್ಯಾಹ್ನ ಕಡಲತಡಿಯ ಕೋಡಿಯ ನನ್ನ ಭಾವಮೈದನ ಮನೆಯಲ್ಲಿ, ಬಂಗುಡೆ ಸಾರಿನ ಎದುರು, ಒಂದು ನಕ್ಷತ್ರಕ್ಕೆ ಎಳ್ಳುನೀರು ಬಿಡುವ ತಯಾರಿ ನಡೆದಿತ್ತು. (ನಾನು ಮಾತ್ರ ಎರಡನೇ ಸಲ ಅನ್ನ ಹಾಕಿಸಿಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ?)

ನಕ್ಷತ್ರ ಭಾವಮೈದ ಶಂಕರನ ಮಗಳು ಸುಮಾಳದ್ದು. ಅವಳು ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಸೂರ್ಯನ ಮುಂದೆ ಏನೇನೂ ಅಲ್ಲದ, ಪುಟ್ಟ, ತಣ್ಣಗಿನ ನಕ್ಷತ್ರಗಳು ಅವಳ ವಿಷಯ. ಬರಿಗಣ್ಣಿಗೆ ಕಾಣುವುದೇ ಇಲ್ಲ. ಆದರೆ ಕೆಲವು ಗಿರಗಿರ ತಿರುಗುತ್ತಾ ಜೋರು ರೇಡಿಯೋ ಅಲೆ ಬಿಡುತ್ತವಂತೆ. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಬಾಯಿ. ಕೇಳಿ ನನಗಂತೂ ಖುಷಿಯಾಯಿತು. (ನಾನೂ ಐದಡಿ ಎರಡಂಗುಲ.)

ಸುಮಾ ರೇಡಿಯೋ ದೂರದರ್ಶಕದಲ್ಲಿ ಹಿಡಿದ ನಕ್ಷತ್ರ ಎರಡು ದಿನ, ಎರಡೂಮುಕ್ಕಾಲು ಗಂಟೆಗೊಮ್ಮೆ ಸದ್ದು ಮಾಡಿತ್ತು. ಮೂರನೇ ದಿನ ಗುಡುಗು ಸಿಡಿಲು. ದಾಖಲೆ ತುಂಬ ಬರೀ ಗೊರಗೊರ. "ಇದು ನೆಲದ ಮೇಲಿನ ಯಾವುದೋ ಮೋಟರ್ ಇರಬೇಕು, ಬಿಟ್ಟುಬಿಡು" ಎಂದಿದ್ದರು ಗೈಡ್. ವರ್ಷದ ದುಡಿಮೆ ನೀರುಪಾಲು. ಹುಡುಗಿ ಉಣ್ಣದೆ ಅನ್ನ ಕಲಸುತ್ತಲೇ ಇದ್ದಳು.

ಶಂಕರ ಮೂವತ್ತು ವರ್ಷದಿಂದ ಮೀನುಗಾರಿಕೆ ಬೋಟಿನ ತಾಂಡೇಲ. ಚುಕ್ಕಾಣಿಯೂ ಅವನದೇ, ಜವಾಬ್ದಾರಿಯೂ ಅವನದೇ. ಮುಳ್ಳು ಬಿಡಿಸುತ್ತಾ ಮಗಳನ್ನು ಕೇಳಿದ.

"ಹೆಣೆ, ಅದ್ ಗಡಿಯಾರ ಕಂಡ್ ಬತ್ತಾ, ಅದ್ರದ್ದೇ ಲೆಕ್ಕಕ್ಕೆ ಬತ್ತಾ?"

"ಅಂದ್ರೆ ಎಂತ ಅಪ್ಪಯ್ಯ?"

"ಮೋಟರ್ ಆರೆ ದಿನಾ ಅದೇ ಹೊತ್ತಿಗೆ ಶುರು ಆತ್ತ್. ಲೈಟ್‌ಹೌಸ್ ಹಾಂಗಲ್ಲ, ಇಷ್ಟ್ ಸೆಕೆಂಡಿಗೊಂದ್ ಸಲ ಮಿಂಚುದಂದ್ ಒಂದೊಂದಕ್ಕೆ ಒಂದೊಂದ್ ಲೆಕ್ಕ ಇತ್ತ್. ಮಂಜ್ ಮುಚ್ಚಿರೆ ನಾವ್ ಎಣಿಸ್ತಾ ಇಪ್ದ್. ಲೆಕ್ಕ ತುಂಬ್ದ ಕೂಡ್ಲೆ ಆ ಬದಿಗೇ ಕಾಂಬ್ದ್. ಸಣ್ಣ್ ಬೆಳ್ಕ್ ಆರೂ ಸಿಕ್ಕತ್ತ್."

ಸುಮಾಳ ಕೈ ನಿಂತಿತು. ಗುಡುಗಿನ ದಿನದ ದಾಖಲೆಯನ್ನು ಅವಳು ಇಡಿಯಾಗಿ ಬದಿಗಿಟ್ಟಿದ್ದಳು. ಊಟ ಬಿಟ್ಟು ಎದ್ದಳು. (ಕೈ ತೊಳೆದೇ ಲ್ಯಾಪ್‌ಟಾಪ್ ಮುಟ್ಟಿದಳು, ಗಾಬರಿ ಬೇಡ.) ಮೊದಲ ದಿನದಿಂದ ಎಣಿಸುತ್ತಾ ಮೂರನೇ ದಿನಕ್ಕೆ ಬಂದು, ಲೆಕ್ಕ ತುಂಬಿದ ಜಾಗದಲ್ಲೇ ಹುಡುಕಿದಳು. ಗೊರಗೊರದ ನಡುವೆ ಒಂದು ಸಣ್ಣ ಉಬ್ಬು. ಮುಂದಿನ ಲೆಕ್ಕಕ್ಕೆ ಸರಿಯಾಗಿ ಇನ್ನೊಂದು. ಗಡಿಯಾರದ ಹೊತ್ತು ಮಾತ್ರ ದಿನದಿನಕ್ಕೂ ಬೇರೆ.

"ಅಪ್ಪಯ್ಯ, ಇತ್ತ್" ಎಂದಳು. ಕಣ್ಣು ತುಂಬಿತ್ತು.

"ಇಲ್ದೆ ಎಲ್ಲಿಗ್ ಹೋತ್ತ್? ಈಗ ಉಣ್ಣ್" ಎಂದ ಶಂಕರ.

ನಾವೂ ಹೀಗೇ ಅಲ್ಲವೇ? ಬಸ್ಸು ತಪ್ಪಿತು, ಹೆಂಡತಿ ಬೈದಳು, ದಿನವೇ ಹಾಳಾಯಿತು ಎಂದು ಇಡೀ ದಿನವನ್ನು ಎಸೆದುಬಿಡುತ್ತೇವೆ. ಆ ಗಲಾಟೆಯೊಳಗೂ ಒಂದು ಒಳ್ಳೆಯ ಗಳಿಗೆ ಇತ್ತೇ ಎಂದು ಯಾರು ಹುಡುಕುತ್ತಾರೆ? ನಾನಂತೂ ಹುಡುಕಿದವನಲ್ಲ.

ಬುಧವಾರ ಗೈಡ್ ಒಪ್ಪಿದರು. ಮೋಟರಲ್ಲ, ನಕ್ಷತ್ರವೇ, ಲೇಖನ ಬರೆ ಎಂದರಂತೆ. ಕೊನೆಯ ಕೃತಜ್ಞತೆಯಲ್ಲಿ ಅಪ್ಪನ ಹೆಸರು ಹಾಕುತ್ತೇನೆ ಎಂದಳು ಸುಮಾ. ಶಂಕರನಿಗೆ ಸಂಕೋಚ. "ನನ್ ಹೆಸ್ರ್ ಯಾರಿಗ್ ಗೊತ್ತಿತ್ತ್? ಬೋಟಿಂದ್ ಹಾಕ್." ಅವನ ಮಾತೂ ಸರಿಯೇ. ಬಂದರಿನಲ್ಲಿ ಎಲ್ಲರನ್ನೂ ಗುರುತಿಸುವುದು ಬೋಟಿನ ಹೆಸರಿನಿಂದಲೇ.

ಬೋಟಿನ ಹೆಸರನ್ನೇ ಹಾಕಿಬಿಟ್ಟಳು. ನಾಳೆ ದೂರದೇಶದ ವಿಜ್ಞಾನಿಗಳು ಓದಿ, ಈ 'ಜಲರಾಣಿ' ಯಾವ ಯೂನಿವರ್ಸಿಟಿಯ ಪ್ರೊಫೆಸರ್ ಎಂದು ಕೇಳಿದರೆ ಏನು ಹೇಳೋಣ?