ಅಣ್ಣ ತೆಗೆದ ವಿಕೆಟ್ಟು

ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತ ನನ್ನ ಇಂಗ್ಲಿಷು ರಜೆಯಲ್ಲಿ ಖಾನಾಪುರದ ಮನೆಗೆ ಬಂದರೆ ಒಂದೇ ಕೆಲಸಕ್ಕೆ ಬರುತ್ತಿತ್ತು: ರೈಲಿನಲ್ಲಿ ಬಂದ ಪತ್ರಿಕೆಯನ್ನು ಅಣ್ಣನಿಗೆ ಓದಿ ಹೇಳುವುದು. ಸಣ್ಣವನಿದ್ದಾಗ ಜ್ವರ ಬಂದು ಅವನ ಎಡಗಾಲು ಸೊರಗಿತ್ತು. ಚೆಂಡು ಮಾತ್ರ ಅವನ ಬೆರಳಲ್ಲಿ ಬುಗುರಿಯಂತೆ ತಿರುಗುತ್ತಿತ್ತು.

ಆ ವರ್ಷ ಬೆಳಗಾವಿಯ ಬ್ರಿಟಿಷ್ ದಂಡಿನ ಕ್ಯಾಂಪಿನ ಮೈದಾನದಲ್ಲಿ ಗೋರಾ ಸಿಪಾಯಿಗಳಿಗೂ ನಮ್ಮ ಹುಡುಗರಿಗೂ ಕ್ರಿಕೆಟ್ಟು. ಹೆಂಗಸರ ಚಪ್ಪರದಡಿ ಕುಳಿತು ನಾನು ಒಂದೊಂದು ಚೆಂಡಿಗೂ ನೋಟ್‌ಬುಕ್ಕಿನಲ್ಲಿ ಚುಕ್ಕೆ ಇಡುತ್ತಿದ್ದೆ. ಬಿಸಿಲಿಗೆ ಬಿಳಿ ಅಂಗಿಗಳೆಲ್ಲ ನೀರೊಳಗೆ ಕಂಡಂತೆ ಅಲುಗುತ್ತಿದ್ದವು. ಬ್ಯಾಟಿನ ಸದ್ದು ತಡವಾಗಿ ಬಂದು ಕಿವಿ ಮುಟ್ಟುತ್ತಿತ್ತು. ಅಣ್ಣನ ಚೆಂಡು ನೆಲಕ್ಕೆ ತಾಗಿ, ಏನೋ ನೆನಪಾದವರಂತೆ ಹೊರಳಿ, ಅವರ ಕಪ್ತಾನನ ನಡುವಿನ ಸ್ಟಂಪನ್ನು ಮೆಲ್ಲಗೆ ಮಲಗಿಸಿತು.

ಮೂರನೇ ದಿನ ಪತ್ರಿಕೆ ಬಂತು. ಅಣ್ಣ ಕಟ್ಟೆಯ ಮೇಲೆ ಕುಳಿತ. "ನನ್ನ ಹೆಸರು ಎಲ್ಲೈತಿ, ಅದನ್ನ ಮೊದಲ ಓದು, ತಂಗೆವ್ವ."

ಹೆಸರೇ ಇರಲಿಲ್ಲ. ಒಬ್ಬ 'ಪೂರ್ ಲೇಮ್ ನೇಟಿವ್' ಇದ್ದ. ಅವನ ಮೇಲೆ ಕನಿಕರಪಟ್ಟು ಕಪ್ತಾನರು ವಿಕೆಟ್ ಬಿಟ್ಟುಕೊಟ್ಟರಂತೆ. ಕುಂಟ ಎನ್ನಲು ನನ್ನ ನಾಲಿಗೆ ಏಳಲಿಲ್ಲ. "ಊರಿನ ಒಬ್ಬ ಬಡ ಹುಡುಗ ಕಪ್ತಾನರನ್ನ ಔಟ್ ಮಾಡಿದ" ಎಂದು ಓದಿಬಿಟ್ಟೆ.

ಒಳಗೆ ಅಕ್ಕಿ ಹಸನು ಮಾಡುತ್ತಿದ್ದ ಅವ್ವ ಮೊರ ಹಿಡಿದೇ ಹೊರಗೆ ಬಂದಳು. "ಬಡವ? ಯಾರಿಗಿ ಅಂದಾನ? ಬೀಡಿ ಊರಾಗ ನಮ್ಮ ಹೊಲ ನೋಡ್ಯಾನೇನ ಅಂವ?"

ನನಗೆ ನಗು ಬಂತು. ಅಣ್ಣ ನಗಲಿಲ್ಲ. "ಮುಂದ?"

"ಹೆಂಗಸರ ಸೀರಿ ಬಣ್ಣ ಭಾಳ ಚಂದ ಇತ್ತಂತ."

"ಅಷ್ಟನ? ನೀ ದಿನಪೂರ್ತಿ ಚುಕ್ಕಿ ಇಟ್ಟಿದ್ದು ಬರದಿಲ್ಲೇನ?"

"ಇಲ್ಲ."

"ನನ್ನ ಸಾಲು ಇಂಗ್ಲಿಷಿನಾಗ ಓದು."

ಅವನಿಗೆ ತಿಳಿಯುವುದಿಲ್ಲವೆಂಬ ಧೈರ್ಯದ ಮೇಲೆ ಓದಿದೆ. 'ಲೇಮ್' ಬಂದ ಕೂಡಲೇ ಕೈ ಎತ್ತಿದ.

"ಇದೊಂದು ಶಬ್ದ ಗೊತ್ತೈತಿ ನನಗ. ಬಾಜೂಕ ನಿಂತ ಗೋರಾಗಳು ಅದನ್ನ ಕೂಗಿ ಕೂಗಿ ಕಲಿಸ್ಯಾರ. ಈಗ ಖರೇ ಹೇಳು."

ಹೇಳಿದೆ. ಕನಿಕರದ ಮಾತನ್ನೂ ಬಿಡಲಿಲ್ಲ.

"ಕುಂಟ ಅನ್ಲಿ, ಕುಂಟ ಅದೀನಿ. ಆದರ ಆ ವಿಕೆಟ್ ಅಂವ ಕೊಡಲಿಲ್ಲ, ನಾ ತಗೊಂಡೆ. ಹಂಗಂತ ಅವರಿಗೆ ಬರಿ."

"ಹುಡುಗಿ ಬರದಾಳಂತ ಗೊತ್ತಾದ್ರ ಹಾಕೂದಿಲ್ಲಣ್ಣಾ."

"ಹಾಕದಿದ್ರ ಬಿಡ್ಲಿ. ನೋಡಿದಾಕಿ ನೀನು."

ಕಾನ್ವೆಂಟಿನ ಓರೆ ಅಕ್ಷರದಲ್ಲಿ ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ಆ ಪತ್ರ ಮುಂದೆ ಅಚ್ಚಾಗಲಿಲ್ಲ. ಅಂಚೆಗೆ ಹಾಕುವ ಮೊದಲು ಅಣ್ಣ ಕಾಗದವನ್ನು ಬೆಳಕಿಗೆ ಹಿಡಿದು, ಇದರಲ್ಲಿ ತನ್ನ ಹೆಸರು ಎಲ್ಲಿದೆಯೆಂದು ಕೇಳಿದ. ಮೊದಲ ಸಾಲಿನ ಮೊದಲ ಶಬ್ದದ ಮೇಲೆ ಬೆರಳಿಟ್ಟೆ. ಮಸಿ ಇನ್ನೂ ಹಸಿಯಾಗಿತ್ತು.